ಬೌದ್ಧಿಕ ವೈಕಲ್ಯವುಳ್ಳವರಿಗೆ ಮನೋಚಿಕಿತ್ಸೆಯನ್ನು ಹೊಂದಿಸಿಕೊಳ್ಳುವ ಬಗೆ

ಮಾತಿನ ಮೂಲಕ ನೀಡುವ ಚಿಕಿತ್ಸೆ ಫಲಿಸಬೇಕಾದರೆ ಬುದ್ಧಿಶಕ್ತಿ ಒಂದು ಮಟ್ಟಕ್ಕಿಂತ ಮೇಲಿರಬೇಕು ಎಂಬ ನಂಬಿಕೆಯನ್ನು ಬಹುಕಾಲ ಯಾರೂ ಪ್ರಶ್ನಿಸಲಿಲ್ಲ. ಬೌದ್ಧಿಕ ವೈಕಲ್ಯವುಳ್ಳ ವ್ಯಕ್ತಿಯೊಬ್ಬರು ಊಟ ಬಿಟ್ಟರೆ, ನಿದ್ದೆಗೆಟ್ಟರೆ, ಕೈಗೆ ಸಿಕ್ಕಿದ್ದನ್ನು ಎಸೆದರೆ ಅವರಿಗೆ ದೊರೆಯುತ್ತಿದ್ದುದು ಮಾತ್ರೆ, ಇಲ್ಲವೇ ವರ್ತನೆಯನ್ನು ತಿದ್ದುವ ಒಂದು ಕಾರ್ಯಕ್ರಮ. ಏನನ್ನಿಸುತ್ತಿದೆ ಎಂದು ಅವರನ್ನೇ ಕೇಳುತ್ತಿದ್ದವರು ವಿರಳ. ಆ ಸ್ಥಿತಿ ಈಗ ಪೂರ್ತಿಯಾಗಿ ಅಲ್ಲದಿದ್ದರೂ ತಕ್ಕಮಟ್ಟಿಗೆ ಬದಲಾಗಿದೆ. ಆರೋಗ್ಯ ಸೇವೆಗಳಿಗೆ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಹೊರತಂದ ಮಾರ್ಗಸೂಚಿಯು, ಸೌಮ್ಯ ಪ್ರಮಾಣದ ವೈಕಲ್ಯವುಳ್ಳವರ ಖಿನ್ನತೆಗೆ ಅವರಿಗೆಂದೇ ಹೊಂದಿಸಿದ ಅರಿವು-ವರ್ತನಾ ಚಿಕಿತ್ಸೆಯನ್ನು (ಆಲೋಚನೆ, ಭಾವನೆ, ವರ್ತನೆಗಳ ನಂಟನ್ನು ಗುರುತಿಸಿ ಬದಲಿಸುವ ಚಿಕಿತ್ಸೆ), ಅಂದರೆ ಸಿಬಿಟಿಯನ್ನು, ಪರಿಗಣಿಸುವಂತೆ ಹೇಳುತ್ತದೆ. ಆತಂಕಕ್ಕೆ ವಿಶ್ರಾಂತಿ ತರಬೇತಿಯನ್ನೂ ಹಂತಹಂತವಾಗಿ ಭಯವನ್ನು ಎದುರಿಸುವ ಕ್ರಮವನ್ನೂ ಸೂಚಿಸುತ್ತದೆ. ಆಂಡ್ರ್ಯೂ ಜಹೋಡಾ ಮತ್ತು ಸಂಗಡಿಗರು 161 ವಯಸ್ಕರನ್ನು ಒಳಗೊಂಡ ಪರೀಕ್ಷೆಯೊಂದರ ಫಲಿತಾಂಶವನ್ನು 2017ರಲ್ಲಿ ಪ್ರಕಟಿಸಿದರು. ಅದರಲ್ಲಿ ಒಂದು ಗುಂಪಿಗೆ ಚಟುವಟಿಕೆಗಳನ್ನು ಹೆಚ್ಚಿಸುವ ಚಿಕಿತ್ಸೆಯನ್ನೂ ಇನ್ನೊಂದು ಗುಂಪಿಗೆ ಮಾರ್ಗದರ್ಶನದೊಂದಿಗೆ ಸ್ವಸಹಾಯವನ್ನೂ ನೀಡಲಾಗಿತ್ತು. ಎರಡರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ, ಆದರೆ ಎರಡೂ ಗುಂಪುಗಳಲ್ಲಿ ಖಿನ್ನತೆ ತಗ್ಗಿತು. ಚಿಕಿತ್ಸೆಯನ್ನೇ ಪಡೆಯದ ಗುಂಪು ಅಲ್ಲಿ ಇರಲಿಲ್ಲವಾದ್ದರಿಂದ ಆ ಸುಧಾರಣೆ ಚಿಕಿತ್ಸೆಯಿಂದಲೇ ಬಂದದ್ದೆಂದು ಅದರಿಂದ ಸಿದ್ಧವಾಗುವುದಿಲ್ಲ. ಆದರೂ ಈ ಜನರು ಇಂಥ ಚಿಕಿತ್ಸೆಯಲ್ಲಿ ತೊಡಗಬಲ್ಲರು, ಕೊನೆಯವರೆಗೆ ಉಳಿಯಬಲ್ಲರು ಎಂಬುದು ಅದರಿಂದ ಸ್ಪಷ್ಟವಾಯಿತು.

ಚಿಕಿತ್ಸೆಯನ್ನು ಹೊಂದಿಸುವುದೆಂದರೆ ಸಣ್ಣ ಪದಗಳನ್ನು ಬಳಸುವುದು ಎಂದೇ ಹಲವರು ಭಾವಿಸುತ್ತಾರೆ. ಪದಗಳು ಮುಖ್ಯವೇ, ಆದರೆ ಅವು ಈ ಕೆಲಸದ ಸುಲಭದ ಭಾಗ. ಬೌದ್ಧಿಕ ವೈಕಲ್ಯವುಳ್ಳ ಅನೇಕ ವಯಸ್ಕರು, ತಮ್ಮ ಪರವಾಗಿ ಬೇರೆಯವರು ನಿರ್ಧರಿಸುವುದನ್ನೂ ಅದಕ್ಕೆ ತಾವು ತಲೆಯಾಡಿಸಿಬಿಟ್ಟರೆ ದಿನ ಸುಸೂತ್ರವಾಗಿ ಸಾಗುವುದನ್ನೂ ಬಾಲ್ಯದಿಂದಲೇ ಕಂಡುಕೊಂಡವರು. ಚಿಕಿತ್ಸಕರ ಮುಂದೆಯೂ ಅವರು ಹಾಗೆಯೇ ತಲೆಯಾಡಿಸುತ್ತಾರೆ, ನಗುತ್ತಾರೆ, ಕೇಳಿದ್ದಕ್ಕೆ ಹೌದೆನ್ನುತ್ತಾರೆ. ಆ ಹೌದನ್ನು ನಂಬಿ ಕಟ್ಟಿದ ಚಿಕಿತ್ಸೆಗೆ ಬುಡವಿರುವುದಿಲ್ಲ. ಆದ್ದರಿಂದ ಮುಂದೆ ವಿವರಿಸುವ ಪ್ರತಿಯೊಂದು ಮಾರ್ಪಾಟನ್ನೂ ಒಂದೇ ಪ್ರಶ್ನೆಯಿಂದ ಒರೆಗೆ ಹಚ್ಚಬಹುದು: ಇದರಿಂದ ಎದುರಿಗಿರುವ ವ್ಯಕ್ತಿಗೆ ‘ಇಲ್ಲ’, ‘ಬೇಡ’, ‘ಗೊತ್ತಾಗಲಿಲ್ಲ’ ಎನ್ನುವುದು ಮೊದಲಿಗಿಂತ ಸುಲಭವಾಯಿತೆ?

ಇಲ್ಲಿ ಹೇಳುವ ಹೆಚ್ಚಿನ ವಿಷಯಗಳು ಸೌಮ್ಯ ಮತ್ತು ಮಧ್ಯಮ ಪ್ರಮಾಣದ ವೈಕಲ್ಯವುಳ್ಳ ವಯಸ್ಕರಿಗೆ ಅನ್ವಯಿಸುತ್ತವೆ. ತೀವ್ರ ವೈಕಲ್ಯವಿರುವವರ ಬಗ್ಗೆ ‘ಮಾತಿಲ್ಲದವರೊಂದಿಗೆ’ ಎಂಬ ಭಾಗದಲ್ಲಿ ಪ್ರತ್ಯೇಕವಾಗಿ ಬರೆಯಲಾಗಿದೆ.

ಆರಂಭಿಸುವ ಮೊದಲು

ಮೊದಲ ಕೆಲಸ ಚಿಕಿತ್ಸೆಯದ್ದಲ್ಲ, ಅನುಮಾನಿಸುವುದರದ್ದು. ಸ್ಟೀವನ್ ರೀಸ್ ಮತ್ತು ಸಹೋದ್ಯೋಗಿಗಳು 1982ರಲ್ಲಿ ಒಂದು ಪ್ರವೃತ್ತಿಯನ್ನು ಗುರುತಿಸಿದರು: ವ್ಯಕ್ತಿಗೆ ಬೌದ್ಧಿಕ ವೈಕಲ್ಯವಿದೆ ಎಂದು ತಿಳಿದ ಕೂಡಲೇ, ಅವರಲ್ಲಿ ಕಾಣುವ ಮಾನಸಿಕ ತೊಂದರೆಯ ಲಕ್ಷಣಗಳೆಲ್ಲ ಆ ವೈಕಲ್ಯದ ನೆರಳಿನಲ್ಲಿ ಮರೆಯಾಗಿ, ‘ಇವರು ಇರುವುದೇ ಹೀಗೆ’ ಎಂಬ ತೀರ್ಮಾನಕ್ಕೆ ತಜ್ಞರೂ ಬಂದುಬಿಡುತ್ತಾರೆ. ಇದಕ್ಕೆ ಒಂದು ಸರಳ ಮದ್ದೆಂದರೆ ಬದಲಾವಣೆಯನ್ನು ಕೇಳುವುದು. ಈ ವ್ಯಕ್ತಿ ಎರಡು ವರ್ಷದ ಹಿಂದೆ ಹೇಗಿದ್ದರು, ಏನನ್ನು ಇಷ್ಟಪಡುತ್ತಿದ್ದರು, ಯಾವುದನ್ನು ನಿಲ್ಲಿಸಿದ್ದಾರೆ ಎಂಬುದನ್ನು ಅವರನ್ನು ಬಹುಕಾಲದಿಂದ ಬಲ್ಲವರಿಂದ ತಿಳಿಯಬೇಕು. ಮೊದಲಿನಿಂದಲೂ ಇರುವ ಗುಣ ಬೇರೆ, ಕಳೆದ ಕೆಲವು ತಿಂಗಳಲ್ಲಿ ಬಂದ ಬದಲಾವಣೆ ಬೇರೆ.

ಬದಲಾವಣೆಗೆ ದೇಹ ಕಾರಣವೇ ಎಂಬುದನ್ನು ವೈದ್ಯರಿಂದ ಪರೀಕ್ಷಿಸಿಕೊಳ್ಳುವವರೆಗೆ ಮನಸ್ಸಿನ ಮಾತು ಎತ್ತಬಾರದು. ಮಲಬದ್ಧತೆ, ಹಲ್ಲುನೋವು, ಕಿವಿಯ ಸೋಂಕು, ಎದೆಯುರಿ ಇವು ಹೇಳಿಕೊಳ್ಳಲಾಗದವರಲ್ಲಿ ಸಿಟ್ಟಾಗಿಯೋ ತಲೆಗೆ ಹೊಡೆದುಕೊಳ್ಳುವುದಾಗಿಯೋ ಹೊರಬರುತ್ತವೆ. ಕಿವಿ ಮಂದವಾದವರು ಹೇಳಿದ್ದನ್ನು ಕೇಳದ ಹಟಮಾರಿಗಳಂತೆ ಕಾಣುತ್ತಾರೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಕೊರತೆ ಸಾಮಾನ್ಯ, ಮತ್ತು ಅದು ಖಿನ್ನತೆಯ ವೇಷದಲ್ಲಿ ಬರುತ್ತದೆ. ಅವರಲ್ಲಿ ಆಲ್ಝೈಮರ್ ಕಾಯಿಲೆಯೂ ಉಳಿದವರಿಗಿಂತ ಬಹಳ ಮೊದಲೇ ತಲೆದೋರಬಹುದಾದ್ದರಿಂದ, ನಡುವಯಸ್ಸಿನಲ್ಲಿ ಕೌಶಲಗಳು ಕಳೆದುಹೋಗುತ್ತಿವೆ ಎಂಬ ದೂರನ್ನು ಬೇಸರವೆಂದು ತಳ್ಳಿಹಾಕುವಂತಿಲ್ಲ. ಮೂರ್ಛೆರೋಗದ ಔಷಧಿಗಳಲ್ಲಿ ಕೆಲವು, ಉದಾಹರಣೆಗೆ ಲೆವೆಟಿರಾಸೆಟಮ್, ಸಿಡುಕನ್ನು ಹೆಚ್ಚಿಸಬಲ್ಲವು.

ಅನಂತರದ ಪ್ರಶ್ನೆ, ಈ ತೊಂದರೆ ಯಾರದ್ದು ಎಂಬುದು. ಬೌದ್ಧಿಕ ವೈಕಲ್ಯವುಳ್ಳವರು ತಾವಾಗಿಯೇ ಚಿಕಿತ್ಸೆ ಕೇಳಿಕೊಂಡು ಬರುವುದು ಅಪರೂಪ, ಅವರನ್ನು ಕರೆತರಲಾಗುತ್ತದೆ. ಕರೆತಂದವರು ‘ಕೋಪ ಜಾಸ್ತಿ’ ಎನ್ನಬಹುದು. ವಿಚಾರಿಸಿದಾಗ, ಅವರ ಕೋಣೆಗೆ ಬಾಗಿಲು ತಟ್ಟದೆ ನುಗ್ಗುವ ಸಿಬ್ಬಂದಿಯ ಮೇಲೆ ಮಾತ್ರ ಅವರು ಕೂಗಾಡುತ್ತಾರೆ ಎಂದು ತಿಳಿದುಬರಬಹುದು. ಅಂಥ ಸಂದರ್ಭದಲ್ಲಿ ಕೋಪವನ್ನು ನಿಭಾಯಿಸುವ ಪಾಠ ಬೇಕಿರುವುದು ಅವರಿಗಲ್ಲ. ವ್ಯಕ್ತಿಯ ಪರಿಸರವನ್ನು ಸರಿಪಡಿಸಿದರೆ ಮಾಯವಾಗುವ ತೊಂದರೆಗೆ ವ್ಯಕ್ತಿಯನ್ನು ಚಿಕಿತ್ಸೆಗೆ ಕೂರಿಸುವುದು ಅನ್ಯಾಯ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ, ಮತ್ತು ಆ ಮಾತನ್ನು ಕರೆತಂದವರಿಗೆ ಮೊದಲ ಭೇಟಿಯಲ್ಲಿಯೇ ನೇರವಾಗಿ ಹೇಳುವುದು ಒಳ್ಳೆಯದು.

ಸಮ್ಮತಿ ಒಂದು ಸಹಿಯಿಂದ ಮುಗಿಯುವುದಿಲ್ಲ. ನಿರ್ಧರಿಸುವ ಸಾಮರ್ಥ್ಯವನ್ನು ಒಂದೊಂದು ನಿರ್ಧಾರಕ್ಕೂ ಪ್ರತ್ಯೇಕವಾಗಿ ನೋಡಬೇಕು. ಹಣದ ವ್ಯವಹಾರ ಅರ್ಥವಾಗದವರಿಗೂ ‘ಈ ಕೋಣೆಯಲ್ಲಿ ಕುಳಿತು ನಿಮ್ಮ ಭಯದ ಬಗ್ಗೆ ಮಾತನಾಡಬೇಕೆ, ಬೇಡವೆ’ ಎಂಬುದು ಅರ್ಥವಾಗಬಹುದು. ಏನು ನಡೆಯುತ್ತದೆ, ಎಷ್ಟು ಸಲ, ಯಾರಿಗೆ ಏನು ಗೊತ್ತಾಗುತ್ತದೆ, ನಡುವೆ ನಿಲ್ಲಿಸುವುದು ಹೇಗೆ ಎಂಬುದನ್ನು ಚಿತ್ರಗಳಿರುವ ಒಂದು ಹಾಳೆಯಲ್ಲಿ ತೋರಿಸಿ, ಅವರದೇ ಮಾತಿನಲ್ಲಿ ಹೇಳಿಸಿ, ಎರಡನೆಯ ಭೇಟಿಯಲ್ಲಿ ಮತ್ತೆ ಕೇಳಬೇಕು. ಕಾನೂನಿನ ಪ್ರಕಾರ ಪೋಷಕರ ಒಪ್ಪಿಗೆಯೇ ಸಾಕಾಗುವ ಕಡೆಯಲ್ಲಿಯೂ ವ್ಯಕ್ತಿಯ ಮನಸ್ಸಿಲ್ಲದೆ ಚಿಕಿತ್ಸೆ ಮುಂದುವರಿಯದು. ಬಾಗಿಲಿನತ್ತ ನೋಡುವುದು, ಕುರ್ಚಿಯನ್ನು ಹಿಂದೆ ಸರಿಸುವುದು, ಭೇಟಿಯ ದಿನವೇ ಹೊಟ್ಟೆನೋವು ಬರುವುದು, ಇವೂ ಒಂದು ಬಗೆಯ ನಿರಾಕರಣೆಗಳೇ.

ಏನು ಸಾಧ್ಯ ಎಂದು ಅರಿಯುವುದು

ಐಕ್ಯೂ ಅಂಕ ಚಿಕಿತ್ಸಕರಿಗೆ ಹೆಚ್ಚಿನದೇನನ್ನೂ ತಿಳಿಸುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5 ಕೂಡ ವೈಕಲ್ಯದ ಪ್ರಮಾಣವನ್ನು ಅಂಕದಿಂದಲ್ಲ, ನಿತ್ಯಜೀವನದ ಕೌಶಲಗಳಿಂದ ನಿರ್ಧರಿಸುತ್ತದೆ. ಚಿಕಿತ್ಸೆಗೆ ಬೇಕಾದ ಮಾಹಿತಿ ಇನ್ನೂ ನಿರ್ದಿಷ್ಟವಾದದ್ದು: ಒಮ್ಮೆಗೆ ಎಷ್ಟು ವಿಷಯವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುತ್ತಾರೆ? ಓದಲು ಬರುತ್ತದೆಯೆ, ಚಿತ್ರ ಸಾಕೆ, ನಿಜವಾದ ವಸ್ತುವೇ ಬೇಕೆ? ಆಡುವ ಮಾತಿಗೂ ಅರ್ಥಮಾಡಿಕೊಳ್ಳುವ ಮಾತಿಗೂ ನಡುವೆ ಎಷ್ಟು ಅಂತರವಿದೆ? ಕೊನೆಯ ಪ್ರಶ್ನೆಯಲ್ಲಿ ಮೋಸಹೋಗುವುದು ಸುಲಭ. ಕೆಲವರು ಇತರರಿಂದ ಕೇಳಿದ ನುಡಿಗಟ್ಟುಗಳನ್ನು ಲೀಲಾಜಾಲವಾಗಿ ಬಳಸುತ್ತಾರೆ, ‘ನನಗೆ ತುಂಬಾ ಒತ್ತಡವಾಗಿದೆ’ ಎನ್ನುತ್ತಾರೆ, ಆದರೆ ಒತ್ತಡವಾದಾಗ ದೇಹದಲ್ಲಿ ಏನಾಗುತ್ತದೆ ಎಂದು ಕೇಳಿದರೆ ಮೌನವಾಗುತ್ತಾರೆ. ಮತ್ತೆ ಕೆಲವರಿಗೆ ಆಡಲು ಬರುವುದು ಐದಾರು ಪದ, ಅರ್ಥವಾಗುವುದು ಅದರ ಹತ್ತುಪಟ್ಟು.

ಸಿಬಿಟಿ ಮಾಡಬೇಕೆಂದಿದ್ದರೆ ಮೂರು ಕೌಶಲಗಳನ್ನು ನೋಡಬೇಕು. ಒಂದು, ಭಾವನೆಗಳನ್ನು ಗುರುತಿಸುವುದು. ಎರಡು, ಘಟನೆಗೂ ಭಾವನೆಗೂ ಇರುವ ನಂಟನ್ನು ಕಾಣುವುದು. ಮೂರು, ಅವೆರಡರ ನಡುವೆ ಆಲೋಚನೆಯೊಂದು ಇದೆ ಎಂದು ತಿಳಿಯುವುದು. ಮೂರನೆಯದೇ ಎಲ್ಲಕ್ಕಿಂತ ಕಠಿಣ. ಅದನ್ನು ಪರೀಕ್ಷಿಸಲು ಒಂದು ಚಿಕ್ಕ ಸನ್ನಿವೇಶ ಸಾಕು: ‘ನೀವು ಬಾಗಿಲ ಬಳಿ ನಿಂತಿದ್ದೀರಿ. ನಿಮ್ಮ ಸ್ನೇಹಿತ ಮಾತನಾಡಿಸದೆ ಹೋದ. ನಿಮಗೆ ಬೇಸರವಾಯಿತು. ಹಾಗಾದರೆ ನೀವು ಏನೆಂದುಕೊಂಡಿರಬೇಕು? ಅವನಿಗೆ ನಾನು ಇಷ್ಟವಿಲ್ಲ ಎಂದೆ, ಅವನು ನನ್ನನ್ನು ನೋಡಲಿಲ್ಲ ಎಂದೆ?’ ಡೇವ್ ಡ್ಯಾಗ್ನನ್ ಮತ್ತು ಪಾಲ್ ಚ್ಯಾಡ್ವಿಕ್ 1990ರ ದಶಕದಲ್ಲಿ ಈ ಬಗೆಯ ಪರೀಕ್ಷೆಗಳನ್ನು ಬಳಕೆಗೆ ತಂದರು. ಇದರಲ್ಲಿ ತಪ್ಪುವವರಿಗೆ ಚಿಕಿತ್ಸೆಯೇ ಇಲ್ಲವೆಂದು ಹೇಳಲು ಈ ಪರೀಕ್ಷೆಯನ್ನು ಬಳಸಬಾರದು. ಕಲಿಸಿದರೆ ಕಲಿಯುವವರಿದ್ದಾರೆ, ಮೊದಲ ಕೆಲವು ಭೇಟಿಗಳು ಅದಕ್ಕೇ ಮೀಸಲಾಗಲಿ. ಕಲಿಯದವರಿಗೆ ಆಲೋಚನೆಯ ಗೊಡವೆಯಿಲ್ಲದ ದಾರಿಗಳು ಬೇಕಾದಷ್ಟಿವೆ.

ಪ್ರಶ್ನೆ ಕೇಳುವ ರೀತಿ

ಕ್ಯಾರಲ್ ಸಿಗಲ್‌ಮನ್ ಮತ್ತು ಸಹೋದ್ಯೋಗಿಗಳು 1980ರ ಆಸುಪಾಸಿನಲ್ಲಿ ನಡೆಸಿದ ಅಧ್ಯಯನಗಳಲ್ಲಿ ಒಂದೇ ವಿಷಯವನ್ನು ಎರಡು ವಿರುದ್ಧ ರೀತಿಗಳಲ್ಲಿ ಕೇಳಿ ನೋಡಿದರು. ಎರಡಕ್ಕೂ ಹೌದೆಂದವರು ಬಹಳ ಮಂದಿ. ಈ ಒಪ್ಪುವ ಒಲವಿಗೆ ಬುದ್ಧಿಯ ಮಿತಿಯೊಂದೇ ಕಾರಣವಲ್ಲ. ಪ್ರಶ್ನೆ ಕಠಿಣವಾದಾಗ, ಕೇಳುವವರ ಕೈಯಲ್ಲಿ ಅಧಿಕಾರವಿದ್ದಾಗ, ತಪ್ಪು ಉತ್ತರಕ್ಕೆ ಹಿಂದೆ ಅವಮಾನವಾಗಿದ್ದಾಗ ಯಾರೇ ಆದರೂ ಸುರಕ್ಷಿತವಾದ ಉತ್ತರವನ್ನು ಆರಿಸಿಕೊಳ್ಳುತ್ತಾರೆ.

ಹಾಗಾಗಿ ಹೌದು-ಇಲ್ಲ ಎಂಬ ಉತ್ತರ ಬಯಸುವ ಪ್ರಶ್ನೆಗಳನ್ನು ಆದಷ್ಟು ಕಡಿಮೆ ಮಾಡಬೇಕು. ಆದರೆ ಅದಕ್ಕೆ ಬದಲಾಗಿ ಪೂರ್ತಿ ತೆರೆದ ಪ್ರಶ್ನೆಗಳನ್ನು ಇಟ್ಟರೆ ‘ಗೊತ್ತಿಲ್ಲ’ ಎಂಬ ಗೋಡೆ ಎದುರಾಗುತ್ತದೆ. ‘ಈ ವಾರ ಹೇಗಿತ್ತು?’ ಎಂಬುದು ಬಹಳ ದೊಡ್ಡ ಪ್ರಶ್ನೆ. ‘ನಿನ್ನೆ ಸಂಜೆ ಮನೆಗೆ ಬಂದ ಮೇಲೆ ಏನು ಮಾಡಿದಿರಿ?’ ಎಂಬುದು ಹಿಡಿತಕ್ಕೆ ಸಿಗುತ್ತದೆ. ಎರಡು ಅಥವಾ ಮೂರು ಚಿತ್ರಗಳನ್ನು ಮುಂದಿಟ್ಟು ಆರಿಸಲು ಹೇಳುವುದು ನಡುವಿನ ದಾರಿ. ಅದರಲ್ಲಿ ಕೊನೆಯದಾಗಿ ಹೇಳಿದ್ದನ್ನೇ ಆರಿಸುವ ಅಭ್ಯಾಸ ಕೆಲವರಿಗಿರುವುದರಿಂದ, ಸ್ವಲ್ಪ ಹೊತ್ತಿನ ಮೇಲೆ ಕ್ರಮ ಬದಲಿಸಿ ಮತ್ತೊಮ್ಮೆ ಕೇಳಬೇಕು. ಸ್ಟರ್ಲಿಂಗ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಕೊನೆಯಲ್ಲಿ ರೂಪುಗೊಂಡ ಟಾಕಿಂಗ್ ಮ್ಯಾಟ್ಸ್ ಎಂಬ ಸಾಧನ ಇದೇ ತತ್ವದ್ದು: ಒಂದು ಚಾಪೆಯ ಮೇಲ್ಭಾಗದಲ್ಲಿ ‘ಇಷ್ಟ’, ‘ಅಷ್ಟಕ್ಕಷ್ಟೆ’, ‘ಇಷ್ಟವಿಲ್ಲ’ ಎಂಬ ಗುರುತುಗಳಿರುತ್ತವೆ, ವ್ಯಕ್ತಿ ಒಂದೊಂದೇ ಚಿತ್ರವನ್ನು ತಕ್ಕ ಗುರುತಿನ ಕೆಳಗೆ ಇಡುತ್ತಾ ಹೋಗುತ್ತಾರೆ. ಇಲ್ಲಿ ನಿರಾಕರಣೆಗೆ ಬಾಯಿ ಬೇಕಿಲ್ಲ, ಕೈ ಸಾಕು. ಎದುರಿಗಿರುವವರ ಮುಖ ನೋಡಿ ‘ಇಲ್ಲ’ ಎನ್ನಲು ಅಂಜುವವರು, ಚಿತ್ರವನ್ನು ಬಲಗಡೆಗೆ ತಳ್ಳಲು ಅಷ್ಟಾಗಿ ಅಂಜುವುದಿಲ್ಲ.

‘ಏಕೆ’ ಎಂಬ ಪ್ರಶ್ನೆಯನ್ನು ಬಿಡುವುದೇ ಲೇಸು. ಅದು ಕಾರಣವನ್ನು ಕೇಳಿದಂತಿರದೆ ತಪ್ಪು ಹುಡುಕಿದಂತೆ ಕೇಳಿಸುತ್ತದೆ, ಹಿಂದೆ ಅವರನ್ನು ಗದರಿಸಿದವರೆಲ್ಲ ಅದೇ ಪದದಿಂದ ಆರಂಭಿಸಿರುತ್ತಾರೆ. ‘ಅದಕ್ಕೆ ಮೊದಲು ಏನಾಯಿತು?’, ‘ಅವರು ಏನೆಂದರು?’, ‘ಆಮೇಲೆ?’ ಎಂದು ಘಟನೆಯ ಸರಣಿಯಲ್ಲಿ ಹೋದರೆ ಕಾರಣ ತಾನಾಗಿ ಹೊರಬರುತ್ತದೆ. ವಾಕ್ಯಕ್ಕೆ ಒಂದೇ ವಿಷಯ, ಎರಡು ನಿಷೇಧಗಳಿರುವ ವಾಕ್ಯ ಬೇಡ, ರೂಪಕ ಬೇಡ, ವ್ಯಂಗ್ಯವಂತೂ ಬೇಡವೇ ಬೇಡ. ಒಂದು ಭಾವನೆಗೆ ಒಂದೇ ಹೆಸರನ್ನು ಕೊನೆಯವರೆಗೂ ಬಳಸಬೇಕು. ಇಂದು ‘ಆತಂಕ’, ನಾಳೆ ‘ಗಾಬರಿ’, ನಾಡಿದ್ದು ‘ಟೆನ್ಶನ್’ ಎಂದರೆ ಅವರಿಗೆ ಅವು ಮೂರು ಬೇರೆ ವಸ್ತುಗಳು. ಸಾಧ್ಯವಾದರೆ ಅವರೇ ಬಳಸಿದ ಪದವನ್ನು ಎತ್ತಿಕೊಳ್ಳಬೇಕು, ಅದು ಎಷ್ಟೇ ವಿಚಿತ್ರವಾಗಿದ್ದರೂ.

ಕೇಳಿದ ಮೇಲೆ ಕಾಯಬೇಕು. ಹತ್ತು ಸೆಕೆಂಡುಗಳ ಮೌನ ಚಿಕಿತ್ಸಕರಿಗೆ ದೀರ್ಘವೆನ್ನಿಸುತ್ತದೆ, ಆದರೆ ಪ್ರಶ್ನೆಯನ್ನು ಬಿಡಿಸಿ, ನೆನಪನ್ನು ಹುಡುಕಿ, ಪದಗಳನ್ನು ಜೋಡಿಸುತ್ತಿರುವವರಿಗೆ ಅದು ಅಗತ್ಯವಾದ ಸಮಯ. ಆ ನಡುವೆ ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ಮತ್ತೆ ಕೇಳಿದರೆ ಅವರು ಮಾಡಿದ ಕೆಲಸವೆಲ್ಲ ಅಳಿಸಿಹೋಗಿ ಮೊದಲಿನಿಂದ ಆರಂಭವಾಗುತ್ತದೆ. ‘ಅರ್ಥವಾಯಿತೆ?’ ಎಂದು ಕೇಳುವುದರಿಂದಲೂ ಏನೂ ತಿಳಿಯದು, ಉತ್ತರ ಹೌದೆಂದೇ ಬರುತ್ತದೆ. ‘ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡೋಣ, ನಿಮಗೆ ಏನು ಕೇಳಿಸಿತು ಹೇಳಿ’ ಎಂದು ಭಾರವನ್ನು ತಮ್ಮ ಮೇಲೆ ಎಳೆದುಕೊಳ್ಳಬೇಕು.

ಇವೆಲ್ಲದರ ಜೊತೆಗೆ, ಒಪ್ಪದಿರುವುದನ್ನು ನೇರವಾಗಿ ಕಲಿಸಬೇಕು. ಮೊದಲ ಭೇಟಿಯಲ್ಲಿಯೇ ಒಂದು ಕೆಂಪು ಕಾರ್ಡನ್ನು ಕೊಟ್ಟು, ಅದನ್ನು ಎತ್ತಿದರೆ ಮಾತು ನಿಲ್ಲುತ್ತದೆ ಎಂದು ಅಭ್ಯಾಸ ಮಾಡಿಸಬಹುದು. ಚಿಕಿತ್ಸಕರು ಬೇಕೆಂದೇ ಸಣ್ಣ ತಪ್ಪುಗಳನ್ನು ಹೇಳುವುದೂ ಉಂಟು: ‘ನಿಮ್ಮ ಅಂಗಿ ಹಸಿರು ಬಣ್ಣದ್ದು, ಅಲ್ಲವೆ?’ ಅಂಗಿ ನೀಲಿಯಾಗಿದ್ದು ವ್ಯಕ್ತಿ ಹೌದೆಂದರೆ ಎಲ್ಲಿ ಕೆಲಸವಿದೆ ಎಂಬುದು ತಿಳಿಯುತ್ತದೆ. ‘ಅಲ್ಲ’ ಎಂದ ದಿನ ಅದನ್ನು ಮೆಚ್ಚಿ ದಾಖಲಿಸಬೇಕು. ಯಾರಾದರೂ ಮೊದಲ ಬಾರಿಗೆ ‘ಇವತ್ತು ಈ ಚಿತ್ರ ಬೇಡ’ ಎಂದು ಪಟ್ಟು ಹಿಡಿದರೆ ಅದನ್ನು ಅಸಹಕಾರವೆಂದು ಬರೆಯುವವರಿದ್ದಾರೆ. ವಾಸ್ತವದಲ್ಲಿ ಚಿಕಿತ್ಸೆ ನಿಜವಾಗಿ ಆರಂಭವಾದ ದಿನ ಅದೇ ಇರಬಹುದು.

ಭೇಟಿಯ ಚೌಕಟ್ಟು

ಮೂವತ್ತರಿಂದ ನಲವತ್ತು ನಿಮಿಷಗಳ ಭೇಟಿ ಬಹುಮಂದಿಗೆ ಸಾಕು, ಬೇಕಾದರೆ ನಡುವೆ ಬಿಡುವಿರಲಿ. ಆದರೆ ಒಟ್ಟು ಭೇಟಿಗಳ ಸಂಖ್ಯೆ ಸಾಮಾನ್ಯಕ್ಕಿಂತ ಹೆಚ್ಚಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಒಂದು ಭೇಟಿಗೆ ಒಂದೇ ಹೊಸ ವಿಷಯ. ಆರಂಭ ಮತ್ತು ಅಂತ್ಯ ಪ್ರತಿ ಬಾರಿಯೂ ಒಂದೇ ರೀತಿಯಲ್ಲಿರಬೇಕು, ಅದೇ ಕೋಣೆ, ಅದೇ ಕುರ್ಚಿ, ಅದೇ ಮೊದಲ ಪ್ರಶ್ನೆ. ಇಂದು ಏನೇನು ಮಾಡುತ್ತೇವೆ ಎಂಬುದು ಚಿತ್ರಗಳಲ್ಲಿ ಮೇಜಿನ ಮೇಲಿರಲಿ, ಮುಗಿದದ್ದನ್ನು ಅವರೇ ತೆಗೆದು ಡಬ್ಬಿಗೆ ಹಾಕಲಿ.

ನೆನಪಿನ ಹೊರೆಯನ್ನು ಕಾಗದಕ್ಕೆ ವರ್ಗಾಯಿಸುವುದು ಇಲ್ಲಿನ ಸೂತ್ರ. ಮೊದಲ ಭೇಟಿಯಿಂದಲೇ ವ್ಯಕ್ತಿಗೆ ಅವರದೇ ಒಂದು ಪುಸ್ತಕವಿರಬೇಕು, ಅದರಲ್ಲಿ ಪ್ರತಿ ಭೇಟಿಗೆ ಒಂದು ಪುಟ, ಒಂದು ಚಿತ್ರ, ಒಂದು ಸಾಲು. ಓದಲು ಬಾರದವರಿಗೆ ಮೊಬೈಲ್ ಫೋನಿನಲ್ಲಿ ಎರಡು ನಿಮಿಷದ ಧ್ವನಿಮುದ್ರಣ ಅಷ್ಟೇ ಕೆಲಸ ಮಾಡುತ್ತದೆ. ಚಿತ್ರಗಳು ವಯಸ್ಸಿಗೆ ತಕ್ಕವಾಗಿರಬೇಕೆಂಬುದನ್ನು ಒತ್ತಿ ಹೇಳಬೇಕಾಗಿದೆ: ನಲವತ್ತು ವರ್ಷದ ಮನುಷ್ಯನ ಮುಂದೆ ಶಿಶುವಿಹಾರದ ಮೊಲ, ಬೆಕ್ಕುಗಳನ್ನು ಇಟ್ಟರೆ ಅದು ಸರಳತೆಯಲ್ಲ, ಅಗೌರವ. ಅವರ ಸ್ವಂತ ಫೋಟೋಗಳು, ಅವರ ಮನೆಯ ಬಾಗಿಲು, ಅವರು ಹತ್ತುವ ಬಸ್ಸು, ಇವುಗಳಿಗೆ ಸಮನಾದ ಚಿತ್ರಗಳು ಅಂಗಡಿಯಲ್ಲಿ ಸಿಗುವುದಿಲ್ಲ.

ಕಾಲದ ಲೆಕ್ಕ ಹಲವರಿಗೆ ತೊಡಕಿನದು. ‘ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ’ ಎಂದು ಕೇಳುವ ಪ್ರಶ್ನಾವಳಿಗಳು ಇಲ್ಲಿ ನಿಷ್ಪ್ರಯೋಜಕ. ಎಲ್ಲರಿಗೂ ನೆನಪಿರುವ ಒಂದು ಘಟನೆಯನ್ನು ಗೂಟವಾಗಿ ನೆಟ್ಟು, ‘ನಿಮ್ಮ ಅಕ್ಕ ಬಂದು ಹೋದ ಮೇಲೆ’ ಎಂದು ಕೇಳಿದರೆ ಉತ್ತರ ನಂಬಲರ್ಹವಾಗುತ್ತದೆ.

ಒಂದೊಂದು ತಂತ್ರವನ್ನೂ ಬದಲಿಸುವ ಬಗೆ

ಆತಂಕಕ್ಕೆ ದೇಹದಿಂದ ಆರಂಭಿಸುವುದು ಉತ್ತಮ. ಸ್ನಾಯುಗಳನ್ನು ಬಿಗಿಮಾಡಿ ಸಡಿಲಿಸುವ ಸಾಂಪ್ರದಾಯಿಕ ವಿಧಾನದಲ್ಲಿ, ಬಿಗಿತಕ್ಕೂ ಸಡಿಲಕ್ಕೂ ಇರುವ ವ್ಯತ್ಯಾಸವನ್ನು ಒಳಗಿನಿಂದ ಗಮನಿಸಬೇಕಾಗುತ್ತದೆ. ಅದು ಕೆಲವರಿಗೆ ಸಾಧ್ಯವಾಗದು. ರೋಜರ್ ಪಾಪೆನ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ವರ್ತನಾ ವಿಶ್ರಾಂತಿ ತರಬೇತಿಯಲ್ಲಿ ಅದರ ಅಗತ್ಯವಿಲ್ಲ. ವಿಶ್ರಾಂತಿಯಲ್ಲಿರುವವರ ತಲೆ, ಕಣ್ಣು, ಬಾಯಿ, ಭುಜ, ಕೈ, ಪಾದ, ಉಸಿರು ಮುಂತಾದವು ಹೇಗಿರುತ್ತವೆ ಎಂಬ ಹತ್ತು ಭಂಗಿಗಳನ್ನು ಚಿಕಿತ್ಸಕರು ಮಾಡಿ ತೋರಿಸುತ್ತಾರೆ, ವ್ಯಕ್ತಿ ಅನುಕರಿಸುತ್ತಾರೆ, ಕಣ್ಣಿಗೆ ಕಾಣುವುದನ್ನೇ ತಿದ್ದಲಾಗುತ್ತದೆ. ಹತ್ತನ್ನೂ ಒಂದೇ ದಿನ ಕಲಿಸುವ ಆತುರ ಬೇಡ.

ಭಯವನ್ನು ಹಂತಹಂತವಾಗಿ ಎದುರಿಸುವಾಗ ಕೋಣೆಯೊಳಗಿನ ಕಲ್ಪನೆಗೆ ಬದಲಾಗಿ ಭಯವಿರುವ ಜಾಗಕ್ಕೇ ಹೋಗಬೇಕು, ಏಕೆಂದರೆ ಒಂದೆಡೆ ಕಲಿತದ್ದನ್ನು ಇನ್ನೊಂದೆಡೆಗೆ ಒಯ್ಯುವುದೇ ಈ ಜನರಿಗೆ ಕಷ್ಟ. ಸೂಜಿಗೆ ಹೆದರುವವರೊಂದಿಗೆ ಚಿತ್ರ, ಸೂಜಿಯಿಲ್ಲದ ಸಿರಿಂಜ್, ಆಸ್ಪತ್ರೆಯ ಬಾಗಿಲು, ಕಾಯುವ ಕೋಣೆ ಎಂದು ಮೆಟ್ಟಿಲುಗಳನ್ನು ಮಾಡಿ, ಮುಂದಿನ ಮೆಟ್ಟಿಲಿಗೆ ಯಾವಾಗ ಎಂಬುದನ್ನು ಅವರಿಗೇ ಬಿಡಬೇಕು. ಹಿಂದೆ ಬಲವಂತವಾಗಿ ಹಿಡಿದು ಚುಚ್ಚಿಸಿಕೊಂಡವರಿಗೆ ಆ ನಿಯಂತ್ರಣವೇ ಅರ್ಧ ಚಿಕಿತ್ಸೆ.

ಖಿನ್ನತೆಗೆ ಚಟುವಟಿಕೆಯನ್ನು ಹೆಚ್ಚಿಸುವ ವಿಧಾನ ಹೊಂದುತ್ತದೆ, ಏಕೆಂದರೆ ಅದು ಆಲೋಚನೆಗಳ ವಿಶ್ಲೇಷಣೆಯನ್ನು ಬೇಡುವುದಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ಸಾಮಾನ್ಯವಾಗಿ ಖಿನ್ನರಾದವರು ತಾವೇ ಚಟುವಟಿಕೆಗಳಿಂದ ಹಿಂದೆ ಸರಿದಿರುತ್ತಾರೆ. ಇಲ್ಲಿ ಹಲವರಿಗೆ ಹಿಂದೆ ಸರಿಯಲು ಮೊದಲೇ ಏನೂ ಇರಲಿಲ್ಲ. ಬೇರೊಬ್ಬರು ಬರೆದ ವೇಳಾಪಟ್ಟಿಯಲ್ಲಿ ಬದುಕುವವರಿಗೆ ‘ಇಷ್ಟವಾದದ್ದನ್ನು ಮಾಡಿ’ ಎಂದರೆ, ಅದಕ್ಕೆ ಹಣ, ಸಾರಿಗೆ, ಜೊತೆಗೆ ಬರುವ ವ್ಯಕ್ತಿ, ಅನುಮತಿ ಎಲ್ಲವೂ ಬೇಕು. ಆದ್ದರಿಂದ ಚಿಕಿತ್ಸೆಯ ಅರ್ಧ ಶ್ರಮ ವೇಳಾಪಟ್ಟಿಯನ್ನು ಬರೆಯುವವರೊಂದಿಗೆ ಮಾತುಕತೆಯಲ್ಲಿಯೇ ಕಳೆಯುತ್ತದೆ. ಆಯ್ದ ಕೆಲಸ ಸಂತೋಷದ್ದಷ್ಟೇ ಅಲ್ಲದೆ ಅರ್ಥವುಳ್ಳದ್ದೂ ಆಗಿರಲಿ: ಗಿಡಕ್ಕೆ ನೀರು ಹಾಕುವ ಹೊಣೆ, ಇನ್ನೊಬ್ಬರಿಗೆ ಚಹಾ ಮಾಡಿಕೊಡುವ ಸರದಿ, ಹೀಗೆ ಅವರಿಲ್ಲದಿದ್ದರೆ ಕೊರತೆಯಾಗುವಂಥದ್ದು.

ಆಲೋಚನೆಗಳೊಂದಿಗೆ ಕೆಲಸ ಮಾಡುವಾಗ ಪ್ರಶ್ನೆಗಳ ಮೂಲಕ ಸತ್ಯವನ್ನು ಹೊರಡಿಸುವ ಸಾಕ್ರಟೀಸನ ಶೈಲಿ ಸೋಲುತ್ತದೆ. ಪರೀಕ್ಷೆಗೆ ಒಳಗಾಗುತ್ತಿರುವಂತೆ ಅನ್ನಿಸಿ, ಚಿಕಿತ್ಸಕರಿಗೆ ಬೇಕಾದ ಉತ್ತರವನ್ನು ಊಹಿಸಲು ಅವರು ತೊಡಗುತ್ತಾರೆ. ಕಡ್ಡಿಮನುಷ್ಯರ ಚಿತ್ರ ಬರೆದು ತಲೆಯ ಮೇಲೆ ಖಾಲಿ ಗುಳ್ಳೆಯನ್ನು ಇಟ್ಟು ಒಳಗೆ ಏನಿರಬಹುದೆಂದು ಕೇಳುವುದು, ಘಟನೆಯನ್ನು ಅಭಿನಯಿಸಿ ಸರಿಯಾದ ಕ್ಷಣದಲ್ಲಿ ನಿಲ್ಲಿಸಿ ‘ಈಗ ತಲೆಯಲ್ಲಿ ಏನಿದೆ?’ ಎನ್ನುವುದು, ಪಾತ್ರಗಳನ್ನು ಅದಲುಬದಲು ಮಾಡುವುದು ಇವು ಫಲಕೊಡುತ್ತವೆ. ನಂಬಿಕೆಯನ್ನು ವಾದದಿಂದ ಅಲುಗಾಡಿಸುವ ಬದಲು ಪ್ರಯೋಗದಿಂದ ನೋಡಬಹುದು. ‘ಯಾರೂ ನನ್ನ ಜೊತೆ ಕೂರುವುದಿಲ್ಲ’ ಎನ್ನುವವರು ಒಂದು ವಾರ ಊಟದ ವೇಳೆ ಯಾರು ಕುಳಿತರೆಂದು ಗುರುತು ಹಾಕಲಿ. ಆ ವಾರ ನಿಜಕ್ಕೂ ಯಾರೂ ಕೂರದಿದ್ದರೆ? ಹಾಗಾಗುವ ಸಾಧ್ಯತೆ ಈ ಜನರ ಬದುಕಿನಲ್ಲಿ ಇತರರಿಗಿಂತ ಹೆಚ್ಚು, ಏಕೆಂದರೆ ಅವರ ‘ತಪ್ಪು ಆಲೋಚನೆ’ಗಳಲ್ಲಿ ಬಹಳಷ್ಟು ಸತ್ಯಗಳೇ. ಹೀಯಾಳಿಸಿಕೊಂಡವರು ತಮ್ಮನ್ನು ಹೀಯಾಳಿಸುತ್ತಾರೆ ಎಂದುಕೊಳ್ಳುವುದು ವಿರೂಪಗೊಂಡ ಚಿಂತನೆಯಲ್ಲ. ಅಲ್ಲಿ ಆಲೋಚನೆಯನ್ನು ತಿದ್ದಲು ಹೊರಡದೆ, ಏನು ಹೇಳಿದರೆ, ಯಾರ ಬಳಿ ಹೋದರೆ ಸ್ಥಿತಿ ಬದಲಾಗುತ್ತದೆ ಎಂಬ ಕಡೆಗೆ ತಿರುಗಬೇಕು.

ಜೊತೆಗೆ ಬರುವವರು

ಮನೆಯವರೋ ಆರೈಕೆದಾರರೋ ಜೊತೆಗಿದ್ದರೆ ಕಲಿತದ್ದು ವಾರವಿಡೀ ಬಳಕೆಯಲ್ಲಿರುತ್ತದೆ, ಮನೆಗೆಲಸವಾಗಿ ಕೊಟ್ಟ ಅಭ್ಯಾಸಗಳು ನಡೆಯುತ್ತವೆ. ಅದೇ ಜೊತೆಗಾರರು ವ್ಯಕ್ತಿಯ ಪರವಾಗಿ ಉತ್ತರಿಸುವುದೂ, ಈ ವಾರದ ತಪ್ಪುಗಳ ಪಟ್ಟಿಯನ್ನು ಎಲ್ಲರೆದುರು ಓದುವುದೂ ನಡೆಯುತ್ತದೆ. ಆದ್ದರಿಂದ ಅವರ ಪಾತ್ರವೇನೆಂಬುದನ್ನು ಮೊದಲೇ ಮಾತನಾಡಿ, ಸಾಧ್ಯವಾದರೆ ಬರೆದುಕೊಳ್ಳಬೇಕು: ಯಾವ ಭಾಗದಲ್ಲಿ ಒಳಗಿರುತ್ತಾರೆ, ಯಾವಾಗ ಹೊರಗೆ ಹೋಗುತ್ತಾರೆ, ಯಾವುದನ್ನು ಅವರಿಗೆ ತಿಳಿಸಲಾಗುತ್ತದೆ. ಯಾರು ಬರಬೇಕೆಂದು ಆರಿಸುವವರು ಚಿಕಿತ್ಸೆ ಪಡೆಯುವವರೇ ಆಗಿರಬೇಕು, ಯಾರೂ ಬೇಡವೆಂದರೆ ಅದನ್ನೂ ಒಪ್ಪಬೇಕು. ಕುರ್ಚಿಗಳನ್ನು ಇಡುವಾಗ ಜೊತೆಗಾರರನ್ನು ವ್ಯಕ್ತಿಯ ಪಕ್ಕದಲ್ಲಿ ತುಸು ಹಿಂದಕ್ಕೆ ಕೂರಿಸಿದರೆ ಚಿಕಿತ್ಸಕರ ಕಣ್ಣು ವ್ಯಕ್ತಿಯ ಮೇಲೆಯೇ ಇರುತ್ತದೆ. ಪ್ರಶ್ನೆಗೆ ಹಿಂದಿನಿಂದ ಉತ್ತರ ಬಂದರೂ ಮತ್ತೆ ಮುಂದಿರುವವರನ್ನೇ ಕೇಳಬಹುದು.

ಗೋಪ್ಯತೆಯ ಮಾತು ಇಲ್ಲಿ ಎಂದಿಗಿಂತ ಗಂಭೀರ. ಈ ಜನರಲ್ಲಿ ಹಲವರ ಸ್ನಾನ, ಊಟ, ಮಾತ್ರೆ ಎಲ್ಲವೂ ಯಾವುದೋ ಕಡತದಲ್ಲಿ ದಾಖಲಾಗುತ್ತಿರುತ್ತದೆ, ಹಾಗಾಗಿ ಗುಟ್ಟು ಎಂಬುದೊಂದು ತಮಗೂ ಇರಬಹುದು ಎಂಬ ಅನುಭವವೇ ಅವರಿಗಿರುವುದಿಲ್ಲ. ಅಪಾಯದ ಸಂದರ್ಭವನ್ನು ಬಿಟ್ಟು ಉಳಿದದ್ದು ಹೊರಗೆ ಹೋಗದು ಎಂಬುದನ್ನು ಹೇಳಿದರೆ ಸಾಲದು, ಬಾಗಿಲಲ್ಲಿ ಕಾದಿರುವ ಸಿಬ್ಬಂದಿ ‘ಇವತ್ತು ಏನಂದರು?’ ಎಂದು ಕೇಳಿದಾಗ ವ್ಯಕ್ತಿಯ ಮುಂದೆಯೇ ‘ಅದನ್ನು ಅವರೇ ಬೇಕಾದರೆ ಹೇಳುತ್ತಾರೆ’ ಎಂದು ಉತ್ತರಿಸಿ ತೋರಿಸಬೇಕು.

ಮುಚ್ಚಿಟ್ಟ ವಿಷಯಗಳು

ಕೋಪ ಅಥವಾ ಹಿಂಜರಿಕೆಯ ಹಿಂದೆ ಹಲವು ಬಾರಿ ಒಂದು ಸಾವಿರುತ್ತದೆ. ನೋವಾಗಬಾರದೆಂಬ ಕಾಳಜಿಯಿಂದ ಮನೆಯವರು ಸುದ್ದಿಯನ್ನು ಮುಚ್ಚಿಟ್ಟಿರುತ್ತಾರೆ, ಅಂತ್ಯಕ್ರಿಯೆಗೆ ಕರೆದೊಯ್ದಿರುವುದಿಲ್ಲ, ‘ದೂರದ ಊರಿಗೆ ಹೋಗಿದ್ದಾರೆ’ ಎಂದಿರುತ್ತಾರೆ. ದೂರದ ಊರಿಗೆ ಹೋದವರು ಮರಳಬೇಕಲ್ಲವೆ? ವರ್ಷಗಳ ಕಾಲ ಬಾಗಿಲು ಕಾಯುವವರಿದ್ದಾರೆ. ಇಂಥಲ್ಲಿ ಸಾವನ್ನು ಸಾವೆಂದೇ ಹೇಳಿ, ದೇಹ ನಿಂತುಹೋಯಿತು, ಅವರು ಮರಳುವುದಿಲ್ಲ ಎಂಬುದನ್ನು ಬಾರಿಬಾರಿಗೂ ಅದೇ ಪದಗಳಲ್ಲಿ ವಿವರಿಸಿ, ಫೋಟೋ, ವಸ್ತು, ಸಮಾಧಿಯ ಭೇಟಿ ಇವುಗಳ ಮೂಲಕ ದುಃಖಕ್ಕೆ ದಾರಿ ಮಾಡಿಕೊಡಬೇಕು.

ಬೌದ್ಧಿಕ ವೈಕಲ್ಯವುಳ್ಳವರು ದೌರ್ಜನ್ಯಕ್ಕೆ ಒಳಗಾಗುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ಹೇಳಿದರೆ ನಂಬಿಸಿಕೊಳ್ಳುವ ಸಾಧ್ಯತೆ ಕಡಿಮೆ. ಇಂಥ ಮಾತು ಹೊರಬಂದಾಗ ಸೂಚಿಸುವಂಥ ಪ್ರಶ್ನೆಗಳನ್ನು ಕೇಳದೆ, ಅವರ ಪದಗಳನ್ನೇ ಬರೆದುಕೊಂಡು, ಅಲ್ಲಿನ ರಕ್ಷಣಾ ವ್ಯವಸ್ಥೆಗೆ ತಿಳಿಸಬೇಕು. ಆಘಾತಕ್ಕೆ ಚಿಕಿತ್ಸೆ ಅನಂತರದ ವಿಷಯ, ಮೊದಲು ಸುರಕ್ಷತೆ.

ವೈಕಲ್ಯದ ಬಗ್ಗೆ ಅವರೊಂದಿಗೆ ಮಾತನಾಡಲು ಚಿಕಿತ್ಸಕರೇ ಹೆಚ್ಚು ಮುಜುಗರ ಪಡುತ್ತಾರೆ. ತಂಗಿಗೆ ಮದುವೆಯಾಯಿತು, ತಮ್ಮ ಸ್ಕೂಟರ್ ಕಲಿತ, ತನಗೆ ಮಾತ್ರ ಏಕಿಲ್ಲ ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಅದನ್ನು ಹುಸಿ ಭರವಸೆಯಿಂದ ಮುಚ್ಚದೆ ಕೇಳಿಸಿಕೊಂಡರೆ, ಬೇರೆ ಯಾವ ತಂತ್ರವೂ ಮುಟ್ಟದ ದುಃಖಕ್ಕೆ ಬಾಯಿ ಬರುತ್ತದೆ.

ಮಾತಿಲ್ಲದವರೊಂದಿಗೆ

ತೀವ್ರ ವೈಕಲ್ಯವಿರುವವರಿಗೆ ಮೇಲಿನ ತಂತ್ರಗಳನ್ನು ಇನ್ನಷ್ಟು ಸರಳಗೊಳಿಸಿ ನೀಡುವುದು ವ್ಯರ್ಥ ಪ್ರಯತ್ನ. ಅಲ್ಲಿ ಚಿಕಿತ್ಸೆಯ ಗುರಿ ಅವರ ಸುತ್ತಲಿನ ಜನ ಮತ್ತು ದಿನಚರಿ. ಡೇವ್ ಹ್ಯೂಎಟ್ ಮತ್ತು ಮೆಲನಿ ನಿಂಡ್ 1980ರ ದಶಕದಲ್ಲಿ ಇಂಗ್ಲೆಂಡಿನ ಹಾರ್ಪರ್‌ಬರಿ ಆಸ್ಪತ್ರೆಯ ಶಾಲೆಯಲ್ಲಿ ಬೆಳೆಸಿದ ಇಂಟೆನ್ಸಿವ್ ಇಂಟರ್ಯಾಕ್ಷನ್ ವಿಧಾನದಲ್ಲಿ, ಜೊತೆಗಾರರು ವ್ಯಕ್ತಿಯ ದನಿ, ಉಸಿರು, ಚಲನೆಗಳಿಗೆ ಅದೇ ಲಯದಲ್ಲಿ ಉತ್ತರಿಸುತ್ತಾ, ಅವರು ಮುಂದಾದರೆ ಮುಂದುವರಿದು, ತಿರುಗಿಕೊಂಡರೆ ನಿಲ್ಲಿಸುತ್ತಾರೆ. ನಿಲ್ಲಿಸುವುದು ಮುಂದುವರಿಸುವಷ್ಟೇ ಮುಖ್ಯ. ವರ್ತನೆ ಯಾವ ಅಗತ್ಯವನ್ನು ಪೂರೈಸುತ್ತಿದೆ ಎಂದು ಕಂಡುಕೊಂಡು, ಅದೇ ಅಗತ್ಯವನ್ನು ಪೂರೈಸುವ ಸನ್ನೆಯೊಂದನ್ನು ಕಲಿಸುವುದು ಇನ್ನೊಂದು ದಾರಿ. ಹೊಡೆದು ಕೆಲಸ ತಪ್ಪಿಸಿಕೊಳ್ಳುವವರಿಗೆ ‘ಸಾಕು’ ಎನ್ನುವ ಸನ್ನೆ ಬಂದು, ಅದನ್ನು ಸುತ್ತಲಿನವರು ಪ್ರತಿ ಸಲವೂ ಗೌರವಿಸಿದರೆ, ಹೊಡೆತದ ಅಗತ್ಯ ಬೀಳುವುದು ಕಡಿಮೆಯಾಗುತ್ತದೆ.

ಅಳೆಯುವುದು, ಮುಗಿಸುವುದು

ಫಲ ಸಿಕ್ಕಿತೇ ಎಂದು ನೋಡಲು ಈ ಜನರಿಗಾಗಿಯೇ ರೂಪಿಸಿದ ಮಾಪಕಗಳಿವೆ. 2003ರಲ್ಲಿ ಪ್ರಕಟವಾದ ಗ್ಲಾಸ್ಗೋ ಖಿನ್ನತಾ ಮಾಪಕದಲ್ಲಿ ವ್ಯಕ್ತಿಗೆ ಕೇಳುವ 20 ಪ್ರಶ್ನೆಗಳಿಗೆ ಮೂರೇ ಬಗೆಯ ಉತ್ತರಗಳಿವೆ, ಆರೈಕೆದಾರರಿಗೆ ಪ್ರತ್ಯೇಕ ಭಾಗವಿದೆ. ಆತಂಕಕ್ಕೂ ಅದೇ ಮಾದರಿಯ ಮಾಪಕವಿದೆ. ವ್ಯಕ್ತಿಯ ಉತ್ತರವೂ ಆರೈಕೆದಾರರ ಉತ್ತರವೂ ಹೊಂದದಿದ್ದರೆ ಎರಡರಲ್ಲಿ ಒಂದು ತಪ್ಪೆಂದು ತಿಳಿಯಬೇಕಾಗಿಲ್ಲ: ಹೊರಗಿನವರಿಗೆ ಕಾಣುವುದು ಕೂಗಾಟ ನಿಂತದ್ದು, ಒಳಗಿರುವವರಿಗೆ ಗೊತ್ತಿರುವುದು ದುಃಖ ನಿಂತಿಲ್ಲ ಎಂಬುದು. ಅಂಕಗಳ ಜೊತೆಗೆ ವ್ಯಕ್ತಿಯೇ ಆರಿಸಿದ ಒಂದು ಗುರಿಯನ್ನು ಇಟ್ಟುಕೊಳ್ಳಬೇಕು, ‘ಒಬ್ಬನೇ ಅಂಗಡಿಗೆ ಹೋಗಿ ಬರುವುದು’ ಎಂಬಂಥದ್ದು.

ಮುಗಿಸುವ ಸಿದ್ಧತೆ ಮೊದಲ ದಿನವೇ ಆರಂಭವಾಗುತ್ತದೆ. ಒಳ್ಳೆಯ ಬಾಂಧವ್ಯ ಬೆಳೆದ ಸಿಬ್ಬಂದಿ ಹೇಳದೆ ಕೆಲಸ ಬಿಟ್ಟುಹೋದ ಅನುಭವ ಈ ಜನರಿಗೆ ಮತ್ತೆ ಮತ್ತೆ ಆಗಿರುತ್ತದೆ, ಚಿಕಿತ್ಸಕರೂ ಆ ಪಟ್ಟಿಗೆ ಸೇರಬಾರದು. ಎಷ್ಟು ಭೇಟಿಗಳಿವೆಯೋ ಅಷ್ಟು ಚೌಕಗಳಿರುವ ಹಾಳೆಯೊಂದರಲ್ಲಿ ಪ್ರತಿ ಬಾರಿ ಒಂದನ್ನು ಅಳಿಸಿದರೆ, ಸಂಖ್ಯೆ ಗೊತ್ತಿಲ್ಲದವರಿಗೂ ಎಷ್ಟು ಉಳಿದಿದೆ ಎಂಬುದು ಕಾಣುತ್ತದೆ. ಕೊನೆಯ ಕೆಲವು ಭೇಟಿಗಳ ನಡುವಿನ ಅಂತರವನ್ನು ಹಿಗ್ಗಿಸುತ್ತಾ ಹೋಗಿ, ಮೂರು ತಿಂಗಳ ನಂತರದ ಒಂದು ಭೇಟಿಯ ದಿನವನ್ನು ಅವರ ಕ್ಯಾಲೆಂಡರಿನಲ್ಲಿ ಆಗಲೇ ಗುರುತು ಮಾಡಬೇಕು. ಅವರು ತುಂಬಿಸಿದ ಪುಸ್ತಕದ ಯಾವ ಪುಟಗಳನ್ನು ಮನೆಯವರಿಗೆ ಅಥವಾ ಸಿಬ್ಬಂದಿಗೆ ತೋರಿಸಬಹುದು ಎಂಬುದನ್ನು ಪುಟಪುಟವಾಗಿ ಅವರಿಂದಲೇ ತೀರ್ಮಾನಿಸಿ, ಒಪ್ಪಿದ ಪುಟಗಳ ಪ್ರತಿಯನ್ನು ಮಾತ್ರ ಕೊಟ್ಟು, ಮೂಲವನ್ನು ಅವರ ಬಳಿಯೇ ಬಿಡಬೇಕು. ಮೂರು ತಿಂಗಳ ನಂತರ ಬಂದಾಗ ತೊಂದರೆ ಮರಳಿದ್ದರೆ, ಹೊಸ ತಂತ್ರವನ್ನು ಹುಡುಕುವ ಮೊದಲು ಮನೆಯಲ್ಲಿ ಯಾರು ಬದಲಾದರು, ಯಾವ ದಿನಚರಿ ತಪ್ಪಿತು, ಕಲಿತ ಅಭ್ಯಾಸವನ್ನು ಯಾರು ನೆನಪಿಸುವುದನ್ನು ನಿಲ್ಲಿಸಿದರು ಎಂದು ವಿಚಾರಿಸಬೇಕು.